ಕಾರ್ಖಾನೆಗೆ ‘ಬಾ’ ಅನ್ನುವ ಊರಿಗೆ ಏನು ಸಿಗಬೇಕು?

(ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿಗೆ ಎರಡು ಷರತ್ತುಗಳಿವೆ. ಉಪನ್ಯಾಸ ಸ್ಥಳೀಯ ಸಂಸ್ಥೆಗಳ ಹಣಕಾಸಿನ ಬಗ್ಗೆ ಇರಬೇಕು ಅನ್ನುವುದು ಪತ್ರದಲ್ಲಿ ಬರೆದದ್ದು. ಕೇಳುವವರಿಗೆ ನಿದ್ದೆ ಬರಬಾರದು ಅನ್ನುವುದು ದತ್ತಿ ಇಟ್ಟವರ ಮಗಳು ನನಗೆ ಫೋನಿನಲ್ಲಿ ಹೇಳಿದ್ದು. ಮೊದಲನೆಯದನ್ನು ಪಾಲಿಸುವುದು ನನ್ನ ಕೈಯಲ್ಲಿದೆ. ಎರಡನೆಯದಕ್ಕೆ ತಮ್ಮ ಸಹಕಾರ ಬೇಕು.

ಒಂದು ಸಣ್ಣ ಊರನ್ನು ಊಹಿಸಿಕೊಳ್ಳಿ. ಊರಾಚೆ ಹೆದ್ದಾರಿ ಪಕ್ಕದಲ್ಲಿ ದೊಡ್ಡ ಗೋದಾಮು ಕಟ್ಟುತ್ತೇವೆ ಎಂದು ಕಂಪನಿಯೊಂದು ಅರ್ಜಿ ಹಾಕುತ್ತದೆ. ಅದರ ಲಾಭದ ಮೇಲಿನ ತೆರಿಗೆ ದೇಶದ ಬೊಕ್ಕಸಕ್ಕೆ ಹೋಗುತ್ತದೆ. ಸರಕಿನ ಮೇಲಿನ ತೆರಿಗೆಯೂ ಮೇಲಕ್ಕೇ ಹೋಗುತ್ತದೆ. ಕೆಲಸಕ್ಕೆ ಬರುವವರಲ್ಲಿ ಬಹಳ ಜನ ಪಕ್ಕದ ಊರಿನವರು. ಈ ಊರಿನ ಪಾಲಿಗೆ ಉಳಿಯುವುದು ರಾತ್ರಿಯಿಡೀ ಓಡಾಡುವ ಲಾರಿಗಳು, ಕಿತ್ತುಹೋದ ರಸ್ತೆ, ಚರಂಡಿಯ ಮೇಲೆ ಬೀಳುವ ಭಾರ, ‘ನಮ್ಮನ್ನು ಕೇಳದೆ ಯಾಕೆ ಒಪ್ಪಿದಿರಿ’ ಎಂದು ಮನೆ ಬಾಗಿಲಿಗೆ ಬರುವ ಮತದಾರರು. ಇಂಥ ಕಡೆ ಸದಸ್ಯನೊಬ್ಬ ಸಭೆಯಲ್ಲಿ ಕೈ ಎತ್ತಿ ‘ಆಗಲಿ’ ಅನ್ನಬೇಕಾದರೆ ಅವನ ಊರಿಗೆ ಏನಾದರೂ ಸಿಗಬೇಕಲ್ಲ? ಏನು, ಎಷ್ಟು, ಎಷ್ಟು ವರ್ಷ? ಇವತ್ತಿನ ಮಾತೆಲ್ಲ ಈ ಮೂರು ಪ್ರಶ್ನೆಗಳ ಸುತ್ತಲಿನದು. ಮೂರನೆಯದೇ ಮುಖ್ಯ ಅನ್ನುವುದು ನನ್ನ ವಾದ.

ಉತ್ತರಕ್ಕೆ ಇಂಗ್ಲೆಂಡಿಗೆ ಹೋಗುತ್ತಿದ್ದೇನೆ. ಅಲ್ಲಿನ ಸರ್ಕಾರಗಳು 2005ರಿಂದ ಈಚೆಗೆ ಈ ಪ್ರಶ್ನೆಗೆ ಉತ್ತರ ಬರೆದು, ಹೊಡೆದುಹಾಕಿ, ಮತ್ತೆ ಬರೆದಿವೆ. ಬರೆದದ್ದೂ ಹೊಡೆದದ್ದೂ ಎಲ್ಲರ ಕಣ್ಣೆದುರಿಗೇ ನಡೆದಿದೆ. ಲೆಕ್ಕಪತ್ರಗಳು ಯಾರು ಬೇಕಾದರೂ ಓದುವಂತಿವೆ. ಬೇರೆಯವರ ಖರ್ಚಿನಲ್ಲಿ ಪಾಠ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಅಲ್ಲಿ ಕಟ್ಟಡದ ಮೇಲಿನ ಸ್ಥಳೀಯ ಕರ ಬಹಳ ಹಳೆಯದು. 1601ರ ಬಡವರ ಪರಿಹಾರ ಕಾನೂನು ಪ್ರತಿ ಪ್ಯಾರಿಷ್‌ಗೂ ತನ್ನ ನಿವಾಸಿಗಳಿಂದ ಕರ ಎತ್ತುವ ಅಧಿಕಾರ ಕೊಟ್ಟಿತು. ಅದರಿಂದ ಬೆಳೆದು ಬಂದದ್ದೇ ಅಂಗಡಿ, ಕಚೇರಿ, ಕಾರ್ಖಾನೆ, ಗೋದಾಮುಗಳ ಮೇಲಿನ ಬ್ಯುಸಿನೆಸ್ ರೇಟ್ಸ್. ಲೆಕ್ಕ ಸರಳ. ಕಟ್ಟಡಕ್ಕೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದು ಎಂದು ಅಂದಾಜು ಮಾಡುತ್ತಾರೆ, ಪೌಂಡಿಗೆ ಇಷ್ಟು ಪೆನ್ಸ್ ಎಂಬ ದರದಿಂದ ಗುಣಿಸುತ್ತಾರೆ. ನಮ್ಮ ಪುರಸಭೆಗಳಲ್ಲಿ ಹಿಂದೆ ಇದ್ದ ವಾರ್ಷಿಕ ಬಾಡಿಗೆ ಮೌಲ್ಯದ ಪದ್ಧತಿ ಇದರ ಸೋದರನೇ. ಬಹುಕಾಲ ಈ ದರವನ್ನು ನಿಗದಿ ಮಾಡುತ್ತಿದ್ದವರು ಊರಿನ ಕೌನ್ಸಿಲಿನವರು. ಮೇಲಿನಿಂದ ಬರುವ ಅನುದಾನದಲ್ಲಿ ಒಂದಿಷ್ಟು ಕಡಿತವಾದರೂ, ಹೊಸ ಕಾರ್ಖಾನೆ ಬಂದರೆ ಊರಿನ ಬೊಕ್ಕಸಕ್ಕೆ ಅದರ ತೂಕ ತಿಳಿಯುತ್ತಿತ್ತು.

1980ರ ದಶಕದಲ್ಲಿ ಜಗಳ ಹತ್ತಿಕೊಂಡಿತು. ಮಾರ್ಗರೆಟ್ ಥ್ಯಾಚರ್ ಸರ್ಕಾರದ ದೂರು ಇದು: ವ್ಯಾಪಾರಿಗಳಿಗೆ, ವ್ಯಾಪಾರಿಗಳಾಗಿ, ಊರಿನ ಚುನಾವಣೆಯಲ್ಲಿ ಮತವಿಲ್ಲ, ಆದ್ದರಿಂದ ಎಡಪಕ್ಷದ ಕೌನ್ಸಿಲುಗಳು ಅವರ ಮೇಲೆ ಮನಸೋ ಇಚ್ಛೆ ಕರ ಹೇರುತ್ತಿವೆ. 1984ರ ಕಾನೂನು ಕೌನ್ಸಿಲುಗಳ ದರಕ್ಕೆ ಮಿತಿ ಹಾಕಿತು. ಮರುವರ್ಷ ಲಿವರ್‌ಪೂಲ್ ಮತ್ತು ಲಂಡನ್ನಿನ ಲ್ಯಾಂಬೆತ್ ಕೌನ್ಸಿಲುಗಳು ಎದುರು ನಿಂತವು, ಅಲ್ಲಿನ ಸದಸ್ಯರು ದಂಡ ತೆತ್ತು ಸದಸ್ಯತ್ವವನ್ನೂ ಕಳೆದುಕೊಂಡರು. ಕೊನೆಗೆ 1988ರ ಸ್ಥಳೀಯ ಹಣಕಾಸು ಕಾನೂನಿನ ಮೂಲಕ ಸರ್ಕಾರ ಬ್ಯುಸಿನೆಸ್ ರೇಟ್ಸನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡಿತು. 1990ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಒಂದೇ ದರ. ವಸೂಲಿ ಮಾಡುವುದು ಕೌನ್ಸಿಲ್, ಹಣ ಹೋಗುವುದು ಕೇಂದ್ರದ ಹುಂಡಿಗೆ, ಅಲ್ಲಿಂದ ವಯಸ್ಕರ ತಲೆಯೆಣಿಕೆಯ ಮೇಲೆ ಎಲ್ಲರಿಗೂ ಹಂಚಿಕೆ.

ಅದೇ ದಿನ ಇಂಗ್ಲೆಂಡಿನಲ್ಲಿ ಜಾರಿಗೆ ಬಂದದ್ದು ಪೋಲ್ ಟ್ಯಾಕ್ಸ್ ಎಂಬ ಕುಖ್ಯಾತ ತಲೆಗಂದಾಯ. ಹಿಂದಿನ ದಿನವಷ್ಟೇ ಟ್ರಫಾಲ್ಗರ್ ಚೌಕದಲ್ಲಿ ಗಲಭೆಯಾಗಿತ್ತು. ಆ ಗದ್ದಲದಲ್ಲಿ ಬ್ಯುಸಿನೆಸ್ ರೇಟ್ಸಿನ ರಾಷ್ಟ್ರೀಕರಣವನ್ನು ಗಮನಿಸಿದವರು ಕಡಿಮೆ. ಪೋಲ್ ಟ್ಯಾಕ್ಸ್ 1993ಕ್ಕೆ ಸತ್ತುಹೋಯಿತು, ಥ್ಯಾಚರ್ ಅದಕ್ಕೂ ಮೊದಲೇ ಕುರ್ಚಿ ಬಿಟ್ಟಿದ್ದರು. ಯಾರೂ ಗಮನಿಸದ ಬದಲಾವಣೆ ಮಾತ್ರ ಎರಡು ದಶಕ ಗಟ್ಟಿಯಾಗಿ ಕೂತಿತು.

ಅದರ ಪರಿಣಾಮ ಏನು? ಊರಿಗೆ ಹೊಸ ಕಚೇರಿ ಬಂದರೂ ಅಷ್ಟೇ, ಇದ್ದ ಕಾರ್ಖಾನೆ ಮುಚ್ಚಿದರೂ ಅಷ್ಟೇ. ಕೌನ್ಸಿಲಿನ ಕೈಗೆ ಬರುವ ಹಣ ಬದಲಾಗುವುದಿಲ್ಲ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ಪಾಲ್ ಚೆಷೈರ್ ಮತ್ತು ಕ್ರಿಶ್ಚಿಯನ್ ಹಿಲ್ಬರ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕೆಲಸಕ್ಕೆ ಬರುತ್ತದೆ. ಬ್ರಿಟನ್ನಿನ ನಗರಗಳಲ್ಲಿ ಕಚೇರಿ ಜಾಗದ ಬೆಲೆ, ಅದನ್ನು ಕಟ್ಟಲು ತಗಲುವ ಖರ್ಚಿಗಿಂತ ಎಷ್ಟು ಮೇಲಿದೆ ಎಂದು ಅವರು ಅಳೆದರು. ಆ ಅಂತರ ಬಹುಮಟ್ಟಿಗೆ ಅನುಮತಿ ಸಿಗದ ಕಷ್ಟದ ಬೆಲೆ. ಬರ್ಮಿಂಗ್‌ಹ್ಯಾಮಿನಂಥ ಸಾಧಾರಣ ಊರಿನಲ್ಲೂ ಈ ಅಂತರ ನ್ಯೂಯಾರ್ಕಿನ ಮ್ಯಾನ್‌ಹಟ್ಟನ್ನಿಗಿಂತ ಹೆಚ್ಚು ಎಂದು ಕಂಡಿತು. 1990ರ ಬದಲಾವಣೆ ಈ ಬಿಗಿಯನ್ನು ಹೆಚ್ಚಿಸಿತು ಅನ್ನುವುದಕ್ಕೆ ಅವರು ಆಧಾರ ಕೊಟ್ಟರು. ಪ್ರೋತ್ಸಾಹಧನ ಕೆಲಸ ಮಾಡುತ್ತದೆಯೇ ಎಂದು ನನ್ನನ್ನು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ. ಕೊಟ್ಟಾಗ ಏನಾಯಿತು ಅನ್ನುವುದಕ್ಕಿಂತ ಕಿತ್ತುಕೊಂಡಾಗ ಏನಾಯಿತು ಅನ್ನುವುದು ಹೆಚ್ಚು ನಿಚ್ಚಳವಾಗಿದೆ.

ಗಾರ್ಡನ್ ಬ್ರೌನ್ ಹಣಕಾಸು ಮಂತ್ರಿಯಾಗಿದ್ದಾಗ ಇದಕ್ಕೆ ಮದ್ದು ಹುಡುಕಿದರು. 2005–06ರಿಂದ ಮೂರು ವರ್ಷದ ಯೋಜನೆ, ಒಟ್ಟು ಮೊತ್ತ ನೂರು ಕೋಟಿ ಪೌಂಡಿನಷ್ಟು. ಊರಿನ ವ್ಯಾಪಾರಿ ಕಟ್ಟಡಗಳ ಒಟ್ಟು ಮೌಲ್ಯ ಒಂದು ಗೆರೆಗಿಂತ ಮೇಲೆ ಬೆಳೆದರೆ, ಬೆಳೆದ ಭಾಗದ ಕರದಲ್ಲಿ ಒಂದು ಪಾಲು ಕೌನ್ಸಿಲಿಗೆ. ಯಾವುದಕ್ಕೆ ಖರ್ಚು ಮಾಡಬೇಕು ಎಂಬ ಕಟ್ಟುಪಾಡಿಲ್ಲ. ಕೇಳಲು ಚೆನ್ನಾಗಿದೆ. ತೊಡಕು ಇದ್ದದ್ದು ಆ ಗೆರೆಯಲ್ಲಿ. ಹಿಂದಿನ ವರ್ಷಗಳ ಬೆಳವಣಿಗೆ ನೋಡಿ ಪ್ರತಿ ಊರಿಗೂ ಬೇರೆ ಬೇರೆ ಗೆರೆ ಎಳೆದಿದ್ದರು. ಲೆಕ್ಕ ಎಷ್ಟು ಜಟಿಲವೆಂದರೆ, ಈ ವರ್ಷ ತನಗೆ ಎಷ್ಟು ಬರುತ್ತದೆ ಎಂದು ಕೌನ್ಸಿಲಿನ ಹಣಕಾಸು ಅಧಿಕಾರಿಗೆ ಮೊದಲೇ ಹೇಳಲಾಗುತ್ತಿರಲಿಲ್ಲ. ವರ್ಷ ಮುಗಿದ ಮೇಲೆ ಚೆಕ್ ಬರುತ್ತಿತ್ತು. ಬಂದರೆ ಲಾಟರಿ, ಬಾರದಿದ್ದರೆ ಗೊಣಗಾಟ. ಇವತ್ತು ಒಂದು ಅರ್ಜಿಗೆ ‘ಆಗಲಿ’ ಅಂದರೆ ಇಷ್ಟು ಸಿಗುತ್ತದೆ ಎಂದು ಹೇಳಲಾಗದ ಹಣ ಆ ಅರ್ಜಿಯ ಮೇಲೆ ಏನು ಪರಿಣಾಮ ಬೀರೀತು? ಸರ್ಕಾರವೇ ನೇಮಿಸಿದ್ದ ಸರ್ ಮೈಕಲ್ ಲಯನ್ಸ್ 2007ರ ವರದಿಯಲ್ಲಿ ಯೋಜನೆಯನ್ನು ಸರಳಗೊಳಿಸಿ ಎಂದರು. ಕಾರ್ಬಿ ಮತ್ತು ಸ್ಲೌ ಎಂಬ ಎರಡು ಊರಿನ ಕೌನ್ಸಿಲುಗಳು ಹಂಚಿಕೆಯ ಲೆಕ್ಕವನ್ನು ಪ್ರಶ್ನಿಸಿ ಹೈಕೋರ್ಟಿನ ಮೆಟ್ಟಿಲೇರಿದವು. ಆಮೇಲೆ ಮೊತ್ತ ಇಳಿಸಿ ಯೋಜನೆಯನ್ನು ತೇಪೆ ಹಾಕಿ ಓಡಿಸಿದರು. 2010ರಲ್ಲಿ ಬಂದ ಸಮ್ಮಿಶ್ರ ಸರ್ಕಾರ ಅದನ್ನು ಮುಚ್ಚಿತು.

ಕೋರ್ಟಿಗೆ ಹೋದ ಆ ಎರಡು ಊರುಗಳ ಮುಂದಿನ ಕತೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಕಾರ್ಬಿ ಉಕ್ಕಿನ ಊರು. ಉಕ್ಕು ತಯಾರಿಕೆ ನಿಂತ ಮೇಲೆ 1981ರಲ್ಲಿ ಅಲ್ಲಿ ಉದ್ಯಮ ವಲಯ ಮಾಡಿ ಎದ್ದು ನಿಲ್ಲಿಸಿದ್ದರು. ಅದಿದ್ದ ಕೌಂಟಿ, ನಾರ್ತಾಂಪ್ಟನ್‌ಶೈರ್, 2018ರ ಫೆಬ್ರವರಿಯಲ್ಲಿ ತನ್ನ ಬಳಿ ಹಣವಿಲ್ಲ ಎಂದು ಕಾನೂನಿನ ಪ್ರಕಾರ ನೋಟಿಸು ಹೊರಡಿಸಿತು. 2021ರಲ್ಲಿ ಕೌಂಟಿಯನ್ನೂ ಕಾರ್ಬಿ ಕೌನ್ಸಿಲನ್ನೂ ರದ್ದು ಮಾಡಿ ಹೊಸ ಸಂಸ್ಥೆಗಳಲ್ಲಿ ಸೇರಿಸಿದರು. ಸ್ಲೌ ಅಂತೂ ಉದ್ಯಮಕ್ಕೆ ಹೆಸರಾದ ಊರು. 1920ರಲ್ಲಿ ಶುರುವಾದ ದೊಡ್ಡ ಕೈಗಾರಿಕಾ ಎಸ್ಟೇಟ್, ಈಗ ಸಾಲು ಸಾಲು ಡೇಟಾ ಸೆಂಟರುಗಳು, ಹೀಥ್ರೂ ವಿಮಾನ ನಿಲ್ದಾಣ ಪಕ್ಕದಲ್ಲೇ. ಆ ಕೌನ್ಸಿಲೂ 2021ರ ಜುಲೈಯಲ್ಲಿ ದಿವಾಳಿಯ ನೋಟಿಸು ಕೊಟ್ಟಿತು. ಉದ್ಯಮ ತುಂಬಿದ ಊರಿನ ಕೌನ್ಸಿಲ್ ತಾನಾಗಿ ಶ್ರೀಮಂತವಾಗುತ್ತದೆ ಎಂದು ನಂಬಿದವರು ಸ್ಲೌ ಕಡೆಗೊಮ್ಮೆ ನೋಡಬೇಕು.

ಈಗ ದೊಡ್ಡ ಪ್ರಯೋಗಕ್ಕೆ ಬರುತ್ತೇನೆ. 2012ರಲ್ಲಿ ಕಾನೂನು ಮಾಡಿ 2013ರ ಏಪ್ರಿಲ್ 1ರಿಂದ, ವಸೂಲಾದ ಬ್ಯುಸಿನೆಸ್ ರೇಟ್ಸಿನಲ್ಲಿ ಅರ್ಧ ಊರಿನವರದ್ದೇ ಎಂದು ಸರ್ಕಾರ ಸಾರಿತು. ಅರ್ಧ! ಪತ್ರಿಕೆಗಳಲ್ಲಿ ದಪ್ಪಕ್ಷರದ ಸುದ್ದಿ. ಆದರೆ ಲಂಡನ್ನಿನ ನಡುಭಾಗದ ವೆಸ್ಟ್‌ಮಿನ್‌ಸ್ಟರಿನಲ್ಲಿ ಆಗುವ ವಸೂಲಿಗೂ ಉತ್ತರದ ಬಡ ಗಣಿ ಊರಿನ ವಸೂಲಿಗೂ ಅಜಗಜಾಂತರ. ಅರ್ಧ ಇಟ್ಟುಕೊಳ್ಳಿ ಎಂದು ಬಿಟ್ಟರೆ ಮುದುಕರ ಆರೈಕೆ, ಅನಾಥ ಮಕ್ಕಳ ಜವಾಬ್ದಾರಿ ಹೆಚ್ಚಿರುವ ಬಡ ಊರು ಮುಳುಗುತ್ತದೆ. ಆದ್ದರಿಂದ ಮೊದಲ ವರ್ಷವೇ ಒಂದು ಸಮತೋಲ ಮಾಡಿದರು. ಅಗತ್ಯಕ್ಕಿಂತ ಹೆಚ್ಚು ವಸೂಲಿಯಿರುವ ಊರು ಪ್ರತಿ ವರ್ಷ ಇಷ್ಟು ಹೊರಗೆ ಕೊಡಬೇಕು, ಕಡಿಮೆಯಿರುವ ಊರಿಗೆ ಇಷ್ಟು ಒಳಗೆ ಬರುತ್ತದೆ. ಈ ಎರಡೂ ಮೊತ್ತ ಮೊದಲ ವರ್ಷದ ಲೆಕ್ಕದಲ್ಲಿ ನಿಂತುಬಿಡುತ್ತವೆ, ಹಣದುಬ್ಬರಕ್ಕೆ ಮಾತ್ರ ಏರುತ್ತವೆ. ಅಲ್ಲಿಂದ ಮುಂದೆ ಬೆಳೆದದ್ದರಲ್ಲಿ ಊರಿಗೆ ಪಾಲು. ಇದು ಜಾಣ ಏರ್ಪಾಡು ಎಂದೇ ನನ್ನ ಅಭಿಪ್ರಾಯ. ನ್ಯಾಯವನ್ನು ಆರಂಭದಲ್ಲಿ ಒಮ್ಮೆ ಮಾಡಿ, ಆಸೆಯನ್ನು ಅದರ ಮೇಲೆ ಇಟ್ಟರು.

ಆ ಆಸೆ ಎಷ್ಟು ದೊಡ್ಡದು? ನಮ್ಮ ಗೋದಾಮಿಗೆ ಮರಳೋಣ. ಅದರ ಬಾಡಿಗೆ ಮೌಲ್ಯ ಒಂದು ಲಕ್ಷ ಪೌಂಡ್ ಎಂದುಕೊಳ್ಳಿ. 2013–14ರ ದರ ಪೌಂಡಿಗೆ 47.1 ಪೆನ್ಸ್, ಅಂದರೆ ವರ್ಷಕ್ಕೆ 47,100 ಪೌಂಡ್ ಕರ. ಅರ್ಧ ಕೇಂದ್ರಕ್ಕೆ. ಗ್ರಾಮಾಂತರದಲ್ಲಿ ಎರಡು ಹಂತದ ಆಡಳಿತವಿದೆ. ಅಲ್ಲಿ ಅಗ್ನಿಶಾಮಕಕ್ಕೆ ನೂರಕ್ಕೆ ಒಂದು, ರಸ್ತೆ ನೋಡಿಕೊಳ್ಳುವ ಕೌಂಟಿಗೆ ಒಂಬತ್ತು, ಅನುಮತಿ ಕೊಡುವ ಡಿಸ್ಟ್ರಿಕ್ಟ್ ಕೌನ್ಸಿಲಿಗೆ ನಲವತ್ತು. ಡಿಸ್ಟ್ರಿಕ್ಟಿನ ಪಾಲು 18,840 ಪೌಂಡ್. ಇಂಥ ಕೌನ್ಸಿಲುಗಳು ಸಾಮಾನ್ಯವಾಗಿ ಹೊರಗೆ ಕೊಡುವ ಗುಂಪಿನವು. ಅವು ಬೆಳವಣಿಗೆಯಲ್ಲಿ ಅತಿಯಾಗಿ ಲಾಭ ಮಾಡಬಾರದೆಂದು ಅರ್ಧದವರೆಗೆ ಇನ್ನೊಂದು ಕಡಿತವಿತ್ತು. ಅದು ಹೋದರೆ ಉಳಿಯುವುದು 9,420. ಊರಿಗೆ ಅರ್ಧ ಎಂದು ಸಾರಿದ ಯೋಜನೆಯಲ್ಲಿ, ಕೈ ಎತ್ತಿ ಬೈಸಿಕೊಂಡ ಕೌನ್ಸಿಲಿಗೆ ಐದರಲ್ಲಿ ಒಂದು ಪಾಲು. ಲಾರಿ ಓಡಾಡಿ ಹಾಳಾದ ರಸ್ತೆಯನ್ನು ದುರಸ್ತಿ ಮಾಡುವ ಕೌಂಟಿಗೆ ಇನ್ನೂ ಕಡಿಮೆ. ಅಕ್ಕಪಕ್ಕದ ಕೌನ್ಸಿಲುಗಳು ಕೌಂಟಿಯ ಜೊತೆ ಒಟ್ಟು ಸೇರಿ ಒಂದೇ ಲೆಕ್ಕ ಕೊಟ್ಟರೆ ಈ ಕಡಿತ ತಪ್ಪಿಸಬಹುದಿತ್ತು. ಬಹಳ ಊರುಗಳು ಅದನ್ನೇ ಮಾಡಿದವು. ಲೆಕ್ಕಿಗರಿಗೆ ಕೆಲಸ ಸಿಕ್ಕಿತು.

ನಷ್ಟದ ಕಡೆಗೂ ಒಂದು ಬಲೆ ಕಟ್ಟಿದ್ದರು. ಕೌನ್ಸಿಲಿನ ಆದಾಯ ನಿಗದಿತ ಮಟ್ಟದ ಶೇ 92.5ಕ್ಕಿಂತ ಕೆಳಗಿಳಿದರೆ ಕೊರತೆಯನ್ನು ಸರ್ಕಾರ ತುಂಬುತ್ತಿತ್ತು. ಮಾನವೀಯ ಏರ್ಪಾಡು, ಸರಿ. ಆದರೆ ಬಲೆಯೊಳಗೆ ಬಿದ್ದ ಕೌನ್ಸಿಲ್ ಸ್ವಲ್ಪ ಬೆಳೆದರೆ ಲಾಭ ಯಾರಿಗೆ? ಸರ್ಕಾರ ತುಂಬಬೇಕಾದ ಹಣ ಅಷ್ಟು ಕಡಿಮೆಯಾಗುತ್ತದೆ, ಊರಿಗೆ ಒಂದು ಪೆನ್ನಿಯೂ ಹೆಚ್ಚಿಗೆ ಬರುವುದಿಲ್ಲ. ಆರಂಭದ ವರ್ಷಗಳಲ್ಲಿ ಈ ಬಲೆಯಲ್ಲಿ ಬಿದ್ದಿದ್ದವರಲ್ಲಿ ದೇಶದಲ್ಲೇ ಹೆಚ್ಚು ಬ್ಯುಸಿನೆಸ್ ರೇಟ್ಸ್ ಎತ್ತುವ ವೆಸ್ಟ್‌ಮಿನ್‌ಸ್ಟರೂ ಇತ್ತು! ಅಂಗಡಿ, ಹೋಟೆಲು, ಕಚೇರಿಗಳು ಕಿಕ್ಕಿರಿದ ಊರಿಗೆ ಉದ್ಯಮ ಬೆಳೆಸುವ ಯೋಜನೆಯಲ್ಲಿ ಉದ್ಯಮ ಬೆಳೆಸುವ ಆಸೆಯೇ ಇಲ್ಲದಂತಾಯಿತು.

ಅದಕ್ಕೆ ಕಾರಣ ಮೇಲ್ಮನವಿಗಳು. ಕಟ್ಟಡದ ಮೌಲ್ಯ ಅಂದಾಜು ಮಾಡುವುದು ಕೌನ್ಸಿಲ್ ಅಲ್ಲ, ಕೇಂದ್ರದ ಮೌಲ್ಯಮಾಪನ ಕಚೇರಿ. ಅದರ ಅಂದಾಜು ಹೆಚ್ಚಾಯಿತೆಂದು ವ್ಯಾಪಾರಿ ಮೇಲ್ಮನವಿ ಹಾಕಿ ಗೆದ್ದರೆ, ಹಿಂದಿನ ವರ್ಷಗಳ ಹಣವನ್ನೂ ವಾಪಸು ಕೊಡಬೇಕು. 2013ಕ್ಕೂ ಮೊದಲಿನ ವರ್ಷಗಳ ಮರುಪಾವತಿಯಲ್ಲೂ ಕೌನ್ಸಿಲುಗಳ ತಲೆಗೆ ಪಾಲು ಬಂತು. ಆ ವರ್ಷಗಳಲ್ಲಿ ವಸೂಲಾದ ಹಣ ಹೋಗಿದ್ದು ಕೇಂದ್ರದ ಹುಂಡಿಗೆ. ಈಶಾನ್ಯ ತೀರದ ಹಾರ್ಟ್ಲ್‌ಪೂಲ್ ಸಣ್ಣ, ಬಡ ಊರು. ಅಲ್ಲಿನ ಅಣುವಿದ್ಯುತ್ ಸ್ಥಾವರದ ಮೌಲ್ಯವನ್ನು ಮೇಲ್ಮನವಿಯಲ್ಲಿ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸಿದರು. ಕೌನ್ಸಿಲ್ ಏನು ತಪ್ಪು ಮಾಡಿತ್ತು? ಏನೂ ಇಲ್ಲ. ಆಸ್ಪತ್ರೆಗಳದ್ದು ಇನ್ನೊಂದು ಕತೆ. ಸರ್ಕಾರಿ ಆಸ್ಪತ್ರೆ ಟ್ರಸ್ಟುಗಳು ತಾವೂ ಧರ್ಮಸಂಸ್ಥೆಗಳೇ, ತಮಗೆ ಶೇ 80ರ ರಿಯಾಯಿತಿ ಬೇಕು ಎಂದು ಕೌನ್ಸಿಲುಗಳ ಮೇಲೆ ದಾವೆ ಹೂಡಿದವು. 2019ರ ಡಿಸೆಂಬರಿನಲ್ಲಿ ಡರ್ಬಿ ಪ್ರಕರಣದಲ್ಲಿ ಹೈಕೋರ್ಟ್ ಒಪ್ಪಲಿಲ್ಲ. ತೀರ್ಪು ಬರುವವರೆಗೆ ಕೌನ್ಸಿಲುಗಳು ಮಾಡಿದ್ದೇನು? ಸೋತರೆ ಇರಲಿ ಎಂದು ಹಣ ಎತ್ತಿಟ್ಟವು. ಊರಿನ ರಸ್ತೆಗೆ, ಗ್ರಂಥಾಲಯಕ್ಕೆ ಹೋಗಬೇಕಾದ ಹಣ ಹೀಗೆ ಭಯದ ಖಾತೆಯಲ್ಲಿ ಕೂತಿತು.

ಅದೃಷ್ಟವೂ ಹಾಗೆಯೇ. ಗಾಳಿ, ಬಿಸಿಲು, ಜೈವಿಕ ಇಂಧನದ ಹೊಸ ಸ್ಥಾವರ ಬಂದರೆ ಅದರ ಬ್ಯುಸಿನೆಸ್ ರೇಟ್ಸ್ ಪೂರ್ತಿ ಊರಿನದೇ ಎಂದು 2013ರಲ್ಲಿ ನಿಯಮ ಮಾಡಿದ್ದರು. ಯಾರ್ಕ್‌ಶೈರಿನ ಸೆಲ್ಬಿ ಡಿಸ್ಟ್ರಿಕ್ಟಿನಲ್ಲಿ ಡ್ರ್ಯಾಕ್ಸ್ ಎಂಬ ಭಾರಿ ಕಲ್ಲಿದ್ದಲು ಸ್ಥಾವರವಿತ್ತು. ಕಂಪನಿ ತನ್ನ ಲೆಕ್ಕಾಚಾರದಿಂದ ಅದನ್ನು ಕಟ್ಟಿಗೆಯ ಉಂಡೆ ಸುಡುವ ಸ್ಥಾವರವಾಗಿ ಮಾರ್ಪಡಿಸಿತು. ಸಣ್ಣ ಸೆಲ್ಬಿ ಕೌನ್ಸಿಲಿಗೆ ಹಣದ ಹೊಳೆ ಹರಿಯಿತು. ಹಾರ್ಟ್ಲ್‌ಪೂಲ್ ಸೋತಿತು, ಸೆಲ್ಬಿ ಗೆದ್ದಿತು. ಎರಡರಲ್ಲೂ ಕೌನ್ಸಿಲಿನ ಕೈವಾಡ ಬಹಳ ಕಡಿಮೆ.

ಇದೆಲ್ಲದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಅಳತೆಗೋಲಿನ ವಿಷಯ. ಮಂತ್ರಿಗಳ ಭಾಷಣದಲ್ಲಿ ಇದ್ದದ್ದು ಉದ್ಯಮದ ಬೆಳವಣಿಗೆ. ಅಳೆದದ್ದು ಕಟ್ಟಡ. ಅಂಗಡಿಯ ವ್ಯಾಪಾರ ಇಮ್ಮಡಿಯಾದರೂ ಬ್ಯುಸಿನೆಸ್ ರೇಟ್ಸ್ ಏರುವುದಿಲ್ಲ. ಹಳೆಯ ಕಾರ್ಖಾನೆ ಇದ್ದ ಜಾಗದಲ್ಲೇ ಇನ್ನೂರು ಜನಕ್ಕೆ ಕೆಲಸ ಕೊಟ್ಟರೂ ಏರುವುದಿಲ್ಲ. ಊರಿಗೆ ರೈಲು ಬಂದು, ಶಾಲೆ ಸುಧಾರಿಸಿ, ಬಾಡಿಗೆಗಳೆಲ್ಲ ಹೆಚ್ಚಾದರೂ ಲಾಭವಿಲ್ಲ. ಏಕೆಂದರೆ ದೇಶದ ಎಲ್ಲ ಕಟ್ಟಡಗಳ ಮರುಮೌಲ್ಯಮಾಪನವಾದಾಗ ಒಟ್ಟು ವಸೂಲಿ ಬದಲಾಗದಂತೆ ದರ ಇಳಿಸುತ್ತಾರೆ, ಪ್ರತಿ ಊರಿನ ಲೆಕ್ಕವನ್ನೂ ಮೊದಲಿದ್ದ ಕಡೆಗೇ ತಂದು ನಿಲ್ಲಿಸುತ್ತಾರೆ. ಕೌನ್ಸಿಲಿಗೆ ಹಣ ತರುವುದು ಒಂದೇ: ಹೊಸ ಚದರಡಿ. ಚದರಡಿ ಬೇಗ ಸಿಗುವುದು ಯಾವುದರಲ್ಲಿ? ಗೋದಾಮಿನಲ್ಲಿ. ಇಂಗ್ಲೆಂಡಿನ ನಡುನಾಡಿನಲ್ಲಿ, ಹೆದ್ದಾರಿಗಳು ಕೂಡುವ ಲಟ್ಟರ್‌ವರ್ತ್, ಡ್ಯಾವೆಂಟ್ರಿ ಕಡೆ ಹೋದವರು ಆ ಕಿಟಕಿಯಿಲ್ಲದ ಬೂದು ಪೆಟ್ಟಿಗೆಗಳ ಸಾಲನ್ನು ನೋಡಿರುತ್ತೀರಿ. ಅವೆಲ್ಲ ಈ ಯೋಜನೆಯಿಂದಲೇ ಬಂದವು ಎಂದು ನಾನು ಹೇಳುತ್ತಿಲ್ಲ. ಆನ್‌ಲೈನ್ ವ್ಯಾಪಾರಕ್ಕೆ ಅವು ಬೇಕಿದ್ದವು, ಬಂದವು. ಆದರೆ ಅದೇ ಜಾಗದಲ್ಲಿ ಕಡಿಮೆ ವಿಸ್ತಾರದ, ಹೆಚ್ಚು ಸಂಬಳದ ಪ್ರಯೋಗಾಲಯ ಬಂದಿದ್ದರೆ ಕೌನ್ಸಿಲಿಗೆ ಕಡಿಮೆ ಹಣ ಬರುತ್ತಿತ್ತು ಅನ್ನುವುದು ಮಾತ್ರ ನಿಯಮದಲ್ಲೇ ಬರೆದಿಟ್ಟ ಸತ್ಯ. ಹಣಕಾಸು ಅಧ್ಯಯನ ಸಂಸ್ಥೆಯ ಸಂಶೋಧಕರು ಯೋಜನೆಯ ಮೊದಲ ಕೆಲವು ವರ್ಷಗಳ ಅಂಕಿಅಂಶ ತಿರುವಿ ನೋಡಿದಾಗ, ಬ್ಯುಸಿನೆಸ್ ರೇಟ್ಸ್ ಬೆಳೆದ ಊರಿಗೂ ಉದ್ಯೋಗ, ಸಂಬಳ ಬೆಳೆದ ಊರಿಗೂ ಗಟ್ಟಿಯಾದ ನಂಟು ಕಾಣಲಿಲ್ಲ.

ಇಷ್ಟರ ನಡುವೆ ಇನ್ನೊಂದು ಕೈ ಬೇರೆ ಕೆಲಸ ಮಾಡುತ್ತಿತ್ತು. 2010–11ರಿಂದ 2017–18ರವರೆಗೆ ಕೌನ್ಸಿಲುಗಳಿಗೆ ಕೇಂದ್ರ ಕೊಡುವ ಹಣ, ಬೆಲೆಯೇರಿಕೆ ಕಳೆದರೆ, ಶೇ 49.1 ಕಡಿಮೆಯಾಯಿತು ಎಂದು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ ಲೆಕ್ಕ ಹಾಕಿದೆ. ಬೋನಸ್ ಆಸೆ ತೋರಿಸಿ ಸಂಬಳದಲ್ಲಿ ಅರ್ಧ ಹಿಡಿದುಕೊಂಡ ಧಣಿಯ ಹಾಗೆ ಇದು. ಹಸಿದ ಕೌನ್ಸಿಲುಗಳು ಊರಿಗೆ ಉದ್ಯಮ ಕರೆಯುವುದಕ್ಕಿಂತ ತಾವೇ ಉದ್ಯಮಕ್ಕೆ ಇಳಿದವು. ಸರ್ಕಾರಿ ಸಾಲನಿಧಿಯಿಂದ ಕಡಿಮೆ ಬಡ್ಡಿಗೆ ಸಾಲ ತಂದು, ಕಚೇರಿ ಕಟ್ಟಡ, ಮಾಲ್ ಕೊಂಡು ಬಾಡಿಗೆಗೆ ಬಿಟ್ಟವು. 2016–17ರಿಂದ ಮೂರು ವರ್ಷದಲ್ಲಿ ಹೀಗೆ ಸುರಿದದ್ದು ಸುಮಾರು 660 ಕೋಟಿ ಪೌಂಡ್. ಕೋವಿಡ್ ಬಂತು, ಕಚೇರಿಗಳು ಖಾಲಿಯಾದವು, ಬಡ್ಡಿ ಏರಿತು. 2023ರ ಜೂನಿನಲ್ಲಿ ಕೈ ಎತ್ತಿದ ವೋಕಿಂಗ್ ಕೌನ್ಸಿಲ್ ಊರ ನಡುವೆ ಗೋಪುರಗಳನ್ನು ಕಟ್ಟಿಸಲು ಹೋಗಿ ಸಾಲದಲ್ಲಿ ಮುಳುಗಿತ್ತು. ಇದರ ಬಗ್ಗೆ ಬೇರೆಯದೇ ಉಪನ್ಯಾಸ ಬೇಕು. ಮುಂದಿನ ವರ್ಷದ ಭಾಷಣಕಾರರಿಗೆ ಬಿಡುತ್ತೇನೆ.

ನಾನು ಮೂರನೆಯ ಪ್ರಶ್ನೆಗೆ ಬರಬೇಕು: ಎಷ್ಟು ವರ್ಷ?

2013ರಲ್ಲಿ ನಿಲ್ಲಿಸಿದ ಸಮತೋಲವನ್ನು 2020ರಲ್ಲಿ ಮತ್ತೆ ತೂಗುತ್ತೇವೆ ಎಂದಿದ್ದರು. ಅಂದರೆ ಅಷ್ಟರೊಳಗೆ ಬೆಳೆದದ್ದನ್ನೆಲ್ಲ ಒಟ್ಟಿಗೆ ಸುರಿದು, ಅಗತ್ಯ ನೋಡಿ ಹೊಸದಾಗಿ ಹಂಚುವುದು. 2014ರಲ್ಲಿ ಅನುಮತಿ ಕೊಟ್ಟು 2015ರಲ್ಲಿ ಎದ್ದ ಗೋದಾಮಿನಿಂದ ಊರಿಗೆ ಐದು ವರ್ಷದ ಹಣ. 2018ರಲ್ಲಿ ಅನುಮತಿ ಕೊಟ್ಟದ್ದಕ್ಕೆ ಹೆಚ್ಚೆಂದರೆ ಒಂದು ವರ್ಷದ್ದು. ತೂಗುವ ವರ್ಷ ಹತ್ತಿರ ಬಂದ ಹಾಗೆ ‘ಆಗಲಿ’ ಅನ್ನುವುದರ ಬೆಲೆ ಕರಗುತ್ತ ಹೋಗುತ್ತದೆ. ಹಾಗೆಂದು ತೂಗದೇ ಬಿಟ್ಟರೆ ಬಡ ಊರಿಗೆ ಅನ್ಯಾಯ. ಈ ಇಕ್ಕಟ್ಟಿಗೆ ಪೂರ್ತಿ ಪರಿಹಾರವಿಲ್ಲ, ಒಂದು ಅವಧಿಯನ್ನು ಒಪ್ಪಿಕೊಂಡು ಅದಕ್ಕೆ ಅಂಟಿಕೊಳ್ಳಬಹುದು ಅಷ್ಟೇ. ಇಂಗ್ಲೆಂಡ್ ಅಂಟಿಕೊಳ್ಳಲಿಲ್ಲ. 2015ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನ ಪಕ್ಷದ ಸಮಾವೇಶದಲ್ಲಿ ಹಣಕಾಸು ಮಂತ್ರಿ ಜಾರ್ಜ್ ಓಸ್ಬರ್ನ್ ಎದ್ದು ನಿಂತು, 2,600 ಕೋಟಿ ಪೌಂಡಿನ ಬ್ಯುಸಿನೆಸ್ ರೇಟ್ಸ್ ಪೂರ್ತಿ ಊರುಗಳದ್ದೇ ಆಗುತ್ತದೆ ಎಂದರು. ಮ್ಯಾಂಚೆಸ್ಟರ್, ಲಿವರ್‌ಪೂಲ್, ಕಾರ್ನ್‌ವಾಲ್ ಮೊದಲಾದ ಕಡೆ 2017ರಲ್ಲಿ ಪ್ರಯೋಗ ಶುರುವಾಯಿತು. ಅದೇ ವರ್ಷ ದಿಢೀರ್ ಚುನಾವಣೆ ಬಂದು ಮಸೂದೆ ಸತ್ತಿತು. ಆಮೇಲೆ ಪೂರ್ತಿ ಬೇಡ, ಮುಕ್ಕಾಲು ಅಂದರು. ಆಮೇಲೆ ಅದನ್ನೂ ಕೈಬಿಟ್ಟರು. ಮರುತೂಕವನ್ನು ಒಂದು ವರ್ಷ, ಇನ್ನೊಂದು ವರ್ಷ ಎಂದು ಮುಂದೂಡುತ್ತ 2026ರ ಏಪ್ರಿಲ್‌ಗೆ ತಂದರು. ಏಳು ವರ್ಷಕ್ಕೆಂದು ಶುರುವಾದ ಲೆಕ್ಕ ಹದಿಮೂರು ವರ್ಷ ಎಳೆಯಿತು. ಈ ಆರು ವರ್ಷ ಹೆಚ್ಚಿಗೆ ಸಿಕ್ಕಿತಲ್ಲ, ಬೆಳೆದ ಊರುಗಳಿಗೆ ಲಾಭವೇ ಆಯಿತಲ್ಲ ಎಂದು ಕೇಳಬಹುದು. ಹಣ ಬಂತು, ನಿಜ. ಮುಂದಿನ ವರ್ಷ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಹಣವನ್ನು ನಂಬಿ ಯಾವ ಕೌನ್ಸಿಲ್ ಮೂವತ್ತು ವರ್ಷ ಬಾಳುವ ರಸ್ತೆಗೆ, ಚರಂಡಿಗೆ ಕೈಹಾಕುತ್ತದೆ?

ಖಾತ್ರಿ ಕೊಟ್ಟ ಕಡೆ ಏನಾಯಿತು ಅನ್ನುವುದಕ್ಕೂ ಅದೇ ದೇಶದಲ್ಲಿ ಉದಾಹರಣೆಯಿದೆ. ಲಂಡನ್ನಿನ ಬ್ಯಾಟರ್ಸೀಯಲ್ಲಿ ಪಾಳುಬಿದ್ದ ವಿದ್ಯುತ್ ಸ್ಥಾವರದ ಸುತ್ತಲಿನ ಜಾಗವನ್ನು ಉದ್ಯಮ ವಲಯ ಮಾಡಿ, ಅಲ್ಲಿ ಹೆಚ್ಚುವ ಬ್ಯುಸಿನೆಸ್ ರೇಟ್ಸ್ 25 ವರ್ಷ ಅಲ್ಲಿಯೇ ಇರುತ್ತದೆ ಎಂದು ಬರೆದುಕೊಟ್ಟರು. ಆ ಬರಹವನ್ನು ನಂಬಿ ಲಂಡನ್ ಆಡಳಿತ ನೂರು ಕೋಟಿ ಪೌಂಡಿನವರೆಗೆ ಸಾಲ ತಂದು ಮೆಟ್ರೊ ಮಾರ್ಗ ಹಾಕಿತು. 2021ರ ಸೆಪ್ಟೆಂಬರಿನಲ್ಲಿ ರೈಲು ಓಡಿತು. ಮಲೇಷ್ಯಾದ ಬಂಡವಾಳ, ಲಂಡನ್ನಿನ ಜಾಗದ ಬೆಲೆ ಇವೆಲ್ಲ ಸೇರಿದ್ದವು, ಒಪ್ಪುತ್ತೇನೆ. ಹಾರ್ಟ್ಲ್‌ಪೂಲಿನಲ್ಲಿ ಇದು ನಡೆಯುತ್ತಿರಲಿಲ್ಲ. ಆದರೂ ಪಾಲು ಎಷ್ಟು ಅನ್ನುವುದಕ್ಕಿಂತ ಅವಧಿ ಎಷ್ಟು, ಆ ಅವಧಿ ಕದಲುತ್ತದೆಯೇ ಅನ್ನುವುದು ಸಾಲ ಕೊಡುವವನ ಮೊದಲ ಪ್ರಶ್ನೆ. ಕೌನ್ಸಿಲಿಗೂ ಅದೇ ಮೊದಲ ಪ್ರಶ್ನೆಯಾಗಬೇಕು.

ನಮ್ಮ ಕಡೆಗೆ ಬಂದರೆ, ಇಂಗ್ಲೆಂಡಿಗೆ 1990ರಲ್ಲಿ ಆದದ್ದು ಕರ್ನಾಟಕಕ್ಕೆ 1979ರಲ್ಲೇ ಆಗಿತ್ತು. ಆ ವರ್ಷ ಆಕ್ಟ್ರಾಯ್ ರದ್ದಾಯಿತು. ಊರ ಹೊರಗೆ ಲಾರಿ ನಿಲ್ಲಿಸಿ ಸುಂಕ ಕೀಳುವ ಆ ಪದ್ಧತಿಯಲ್ಲಿ ಕಿರುಕುಳ, ಲಂಚ ಎರಡೂ ಇದ್ದವು, ಹೋದದ್ದು ಒಳ್ಳೆಯದೇ. ಆದರೆ ಪೇಟೆ ಬೆಳೆದರೆ ಪುರಸಭೆಯ ಗಲ್ಲಾಪೆಟ್ಟಿಗೆಗೂ ಗೊತ್ತಾಗುತ್ತಿದ್ದ ತಂತಿ ಅದರ ಜೊತೆಗೇ ಕಡಿದುಹೋಯಿತು. ಬದಲಿಗೆ ಸರ್ಕಾರದ ಅನುದಾನ ಬಂತು. ವೃತ್ತಿ ತೆರಿಗೆಯನ್ನಾದರೂ ಊರಿಗೆ ಬಿಡಬಹುದಿತ್ತು. ಕೇರಳ, ತಮಿಳುನಾಡಿನಲ್ಲಿ ಅದು ಸ್ಥಳೀಯ ಸಂಸ್ಥೆಗಳ ಆದಾಯ. ನಮ್ಮಲ್ಲಿ 1976ರ ಕಾನೂನಿನಿಂದ ಅದು ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ಊರಲ್ಲಿ ಸಾವಿರ ಕೆಲಸ ಹುಟ್ಟಿದರೆ ಅದನ್ನು ನೇರವಾಗಿ ಅಳೆಯುವ ಕರ ಅದೊಂದೇ. ವರ್ಷಕ್ಕೆ ತಲೆಗೆ 2,500 ರೂಪಾಯಿಯ ಮಿತಿಯಿದ್ದರೂ ಚದರಡಿಗಿಂತ ಒಳ್ಳೆಯ ಅಳತೆಗೋಲು. ಇಂಗ್ಲೆಂಡಿನ ಬಳಿ ಇಂಥದ್ದು ಇಲ್ಲ, ನಮ್ಮ ಬಳಿ ಇದೆ, ಊರಿನ ಕೈಯಲ್ಲಿ ಮಾತ್ರ ಇಲ್ಲ.

ಬೆಳೆದರೆ ಬಹುಮಾನ ಅನ್ನುವ ತರ್ಕ ನಮ್ಮಲ್ಲೂ ಬಂದಾಗಿದೆ. ನಗರಗಳ ಅನುದಾನ ಬೇಕಾದರೆ ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತುಮಾಡಿ, ಆಮೇಲೆ ವಸೂಲಿ ರಾಜ್ಯದ ಒಟ್ಟು ಉತ್ಪನ್ನದ ಬೆಳವಣಿಗೆಯ ವೇಗದಲ್ಲಾದರೂ ಏರಲಿ ಎಂದು 15ನೇ ಹಣಕಾಸು ಆಯೋಗ ಷರತ್ತು ಹಾಕಿತು. ಉದ್ದೇಶ ಒಳ್ಳೆಯದು. ಆದರೆ ರಾಜ್ಯದ ಉತ್ಪನ್ನವನ್ನು ಎತ್ತುವುದು ಬೆಂಗಳೂರು. ಆ ವೇಗಕ್ಕೆ ಓಡಬೇಕಾದವರಲ್ಲಿ ಕೊಪ್ಪಳ, ಯಾದಗಿರಿಯವರೂ ಇದ್ದಾರೆ. ಬ್ರೌನ್ ಎಳೆದ ಗೆರೆ ಊರಿಗೊಂದು ಬೇರೆಯಾಗಿ ಯಾರಿಗೂ ಅರ್ಥವಾಗಲಿಲ್ಲ, ನಮ್ಮ ಗೆರೆ ಎಲ್ಲರಿಗೂ ಒಂದೇ ಆಗಿ ಎಲ್ಲರಿಗೂ ಅರ್ಥವಾಗುತ್ತದೆ, ಬಹಳ ಜನಕ್ಕೆ ಮುಟ್ಟಲಾಗುವುದಿಲ್ಲ.

ಇನ್ನು ಬೆಂಗಳೂರು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ಮಹದೇವಪುರ, ಕೆ.ಆರ್.ಪುರದ ಟೆಕ್ ಪಾರ್ಕುಗಳೆಲ್ಲ ಪೂರ್ವದ ಪಾಲಿಕೆಗೆ ಬಂದವು. ಹಳೆಯ, ಒತ್ತೊತ್ತಾದ ಬಡಾವಣೆಗಳು ಬೇರೆಯವರ ಪಾಲಿಗೆ. ವೆಸ್ಟ್‌ಮಿನ್‌ಸ್ಟರ್ ಮತ್ತು ಗಣಿ ಊರಿನ ಸಮಸ್ಯೆ ಒಂದೇ ನಗರದೊಳಗೆ ಎದ್ದು ನಿಂತಿದೆ. ಪೂರ್ವದ ಹಣ ಪೂರ್ವಕ್ಕೇ ಎಂದರೆ ಉಳಿದವರು ಸೊರಗುತ್ತಾರೆ. ಎಲ್ಲ ಒಂದೇ ಹುಂಡಿಗೆ ಹಾಕಿ ತಲೆಯೆಣಿಕೆಯ ಮೇಲೆ ಹಂಚಿದರೆ ಥ್ಯಾಚರ್ ಮಾಡಿದ್ದನ್ನೇ ಮಾಡಿದಂತೆ, ಯಾವ ಪಾಲಿಕೆಗೂ ಹೊಸ ಕಚೇರಿ ಬೇಡವಾಗುತ್ತದೆ. ಆರಂಭದಲ್ಲಿ ಒಮ್ಮೆ ನ್ಯಾಯವಾಗಿ ತೂಗಿ, ಮೊತ್ತ ನಿಲ್ಲಿಸಿ, ಮುಂದಿನ ಹೆಚ್ಚಳದಲ್ಲಿ ಆಯಾ ಪಾಲಿಕೆಗೆ ಪಾಲು ಬಿಡುವ 2013ರ ಏರ್ಪಾಡು ಇಲ್ಲಿಗೆ ಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ. ಹತ್ತು ವರ್ಷಕ್ಕೊಮ್ಮೆ ಮರುತೂಕ ಎಂದು ಕಾಯ್ದೆಯಲ್ಲೇ ಬರೆಯಲಿ. ಸರ್ಕಾರಿ ಆದೇಶದಲ್ಲಿ ಬರೆದರೆ ಮುಂದಿನ ಆದೇಶ ಅದನ್ನು ನುಂಗುತ್ತದೆ. ತೂಗುವ ವರ್ಷ ಹತ್ತಿರ ಬಂದಾಗ ಆಸೆ ಕರಗದಂತೆ, ಪ್ರತಿ ಹೊಸ ಕಟ್ಟಡದ ಹೆಚ್ಚಳವೂ ಅದು ಎದ್ದ ವರ್ಷದಿಂದ ಹತ್ತು ವರ್ಷ ಆ ಪಾಲಿಕೆಯದೇ ಎಂದು ಬರೆದರೆ ಇನ್ನೂ ಒಳ್ಳೆಯದು.

ಆಧಾರವರ್ಷದ ಬಗ್ಗೆ ಒಂದು ಮಾತು ಸೇರಿಸಬೇಕು. ಇಲ್ಲಿ ಕೂತಿರುವ ಕಂದಾಯ ವಿಭಾಗದ ಮಿತ್ರರು ಈಗಲೇ ಮುಗುಳ್ನಗುತ್ತಿದ್ದಾರೆ. ಬರುವ ವರ್ಷದ ವಸೂಲಿಯನ್ನು ಆಧಾರವಾಗಿ ಹಿಡಿಯುತ್ತೇವೆ ಎಂದು ಮೊದಲೇ ಸಾರಿದರೆ, ಆ ವರ್ಷ ಬಿಲ್ ಕಲೆಕ್ಟರುಗಳು ಯಾರ ಮನೆ ಬಾಗಿಲನ್ನೂ ಗಟ್ಟಿಯಾಗಿ ತಟ್ಟುವುದಿಲ್ಲ. ಅದರ ಮರುವರ್ಷ ಬಾಕಿಯೆಲ್ಲ ಬಂದು ಪಾಲಿಕೆ ಅದ್ಭುತವಾಗಿ ಬೆಳೆದಂತೆ ಕಾಣುತ್ತದೆ. ಇಂಗ್ಲೆಂಡಿನವರು ಆಗಲೇ ಮುಗಿದುಹೋಗಿದ್ದ ಎರಡು ವರ್ಷಗಳ ವಸೂಲಿಯ ಸರಾಸರಿ ಹಿಡಿದರು. ನಮ್ಮಲ್ಲಿಯೂ ಹಳೆಯ ಪಾಲಿಕೆಯ ವಲಯವಾರು ಬೇಡಿಕೆ, ವಸೂಲಿ, ಬಾಕಿಯ (ಡಿಸಿಬಿ) ಲೆಕ್ಕ ಇದೆ. ಐದು ಪಾಲಿಕೆಗಳ ಗಡಿಗೆ ಅದನ್ನು ಹೊಂದಿಸುವುದು ತಲೆನೋವಿನ ಕೆಲಸ, ಆದರೆ ಆಗದ ಕೆಲಸವಲ್ಲ. ಅದನ್ನು ಬೇಗ ಮಾಡಿ ಎಲ್ಲರ ಮುಂದೆ ಇಡಬೇಕು, ಯಾಕೆಂದರೆ ತಡವಾದಷ್ಟೂ ಹೊಸ ಪಾಲಿಕೆಗಳ ಹೊಸ ವಸೂಲಿಯನ್ನೇ ಆಧಾರ ಮಾಡಿ ಅನ್ನುವ ಒತ್ತಾಯ ಹೆಚ್ಚುತ್ತದೆ.

ಸಮಯ ಮೀರಿದೆ ಎಂದು ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಿ.